ಸತುವಿನ ಜಾಡು

ಮೂರನೇ ಸಲವೂ ಪ್ರೋಟೀನಿನಲ್ಲಿ ಸತುವೇ ಸಿಕ್ಕಾಗ ಅವಳ ಅನುಮಾನ ಹೋಗಿ ಖಾತ್ರಿಯೇ ಆಯಿತು. ಇದು ಪಕ್ಕದ ಮೇಜಿನವನದೇ ಕೆಲಸ.

ಅವನು ಲ್ಯಾಬಿಗೆ ಬಂದು ಆರು ವಾರವಾಗಿತ್ತು. ಮೂರು ಹೊತ್ತೂ ಸತುವಿನ ದ್ರಾವಣದಲ್ಲೇ ಕೈಯಾಡಿಸುತ್ತಿದ್ದುದರಿಂದ ಎಲ್ಲರೂ ಸತುವಣ್ಣ ಅನ್ನುತ್ತಿದ್ದರು. ಅವಳ ಪ್ರೋಟೀನಿಗೋ ಬೇಕಾದದ್ದು ಮ್ಯಾಂಗನೀಸು. ಅದಿದ್ದರೇ ಅದು ಕೆಲಸ ಮಾಡುವುದು. ಆಸೆ ಮಾತ್ರ ಸತುವಿನ ಮೇಲೆ. ಎರಡನ್ನೂ ಎದುರಿಗಿಟ್ಟರೆ ನಾಚಿಕೆಯಿಲ್ಲದೆ ಸತುವನ್ನೇ ಬಾಚಿಕೊಳ್ಳುತ್ತದೆ. ಜೀವಕೋಶಕ್ಕೆ ಇದರ ಬುದ್ಧಿ ಗೊತ್ತು. ಸತುವನ್ನು ಬೇರೆ ಕಡೆ ಕಟ್ಟಿಹಾಕಿ, ಮ್ಯಾಂಗನೀಸು ಓಡಾಡುವ ಜಾಗದಲ್ಲೇ ಪ್ರೋಟೀನು ಮಡಚಿಕೊಳ್ಳುವಂತೆ ನೋಡಿಕೊಳ್ಳುತ್ತದೆ. ಮಡಚಿದ ಮೇಲೆ ಒಳಗೆ ಕೂತ ಲೋಹವನ್ನು ಎಬ್ಬಿಸುವುದು ಕಷ್ಟ. ಟವೆಲ್ ಹಾಕಿದವರದೇ ಸೀಟು. ಇದನ್ನೇ ಅವಳು ಪಾತ್ರೆಯಲ್ಲಿ ಮಾಡಿ ತೋರಿಸಬೇಕಿತ್ತು. ಶುಕ್ರವಾರದೊಳಗೆ ಆಗದಿದ್ದರೆ ಥೀಸಿಸ್‌ನ ಮುಖ್ಯ ಅಧ್ಯಾಯವನ್ನೇ ಕೈಬಿಡಬೇಕು ಎಂದು ಗೈಡ್ ಮೇಡಂ ಹೇಳಿಬಿಟ್ಟಿದ್ದರು.

ಸತುವಣ್ಣ ಬಂದ ದಿನವೇ ಅವಳು ತನ್ನ ಪಾತ್ರೆಗಳನ್ನು ತೊಳೆಯುವ ಆಯಾಗೆ ಕೊಡುವುದು ನಿಲ್ಲಿಸಿದ್ದಳು. ಅವನ ಪಾತ್ರೆಗಳೂ ಅದೇ ತೊಟ್ಟಿಗೆ ಬೀಳುತ್ತಿದ್ದವಲ್ಲ. ನನ್ನ ಕೈ ಏನು ಕಚ್ಚಿತೇ ಎಂದು ಆಯಾ ಮುಖ ಊದಿಸಿಕೊಂಡಳು. ಆಸಿಡ್ಡಿನಲ್ಲಿ ನೆನೆಸಿ, ಏಳು ನೀರಿನಲ್ಲಿ ಜಾಲಿಸುವುದನ್ನೆಲ್ಲ ಇವಳೇ ಮಾಡಿದಳು. ವಾರದಲ್ಲಿ ಬೆರಳುಗಳೆಲ್ಲ ಬಿರಿದವು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅಮ್ಮ ಬೈದು, ಬಿಳಿ ಮುಲಾಮಿನ ಟ್ಯೂಬು ಕೊಟ್ಟಳು. ಇವಳು ಅದನ್ನು ಮೆತ್ತಿಕೊಂಡು, ಅದೇ ಬೆರಳಲ್ಲಿ ಗ್ಲೌಸ್ ಎಳೆದುಕೊಂಡು ಕೆಲಸಕ್ಕೆ ಕೂರುತ್ತಿದ್ದಳು.

ಸತು ಕಾಣಿಸಿದ ಮೇಲೆ ಕಾವಲು ಬಿಗಿಯಾಯಿತು. ಬಾಟಲಿಗಳಿಗೆ ಟೇಪು ಸುತ್ತಿದಳು. ನೀರಿನ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆದಳು. ಊಟಕ್ಕೆ ಹೋಗುವಾಗಲೂ ಪ್ರೋಟೀನಿನ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡಳು. ಅದರಲ್ಲಿ ಮೊಟ್ಟೆ ಇಟ್ಟಿದ್ದೀಯಾ, ಮರಿ ಯಾವಾಗ ಎಂದು ಸತುವಣ್ಣ ಕೇಳಿದ್ದ. ನಗುವವನೇ ಕಳ್ಳ ಎಂದು ಅವಳು ಲೆಕ್ಕ ಹಾಕಿದಳು. ಬುಧವಾರ ಬೆಳಿಗ್ಗೆ ಮೇಡಂ ಕೈಗೆ ದೂರಿನ ಪತ್ರ ಕೊಟ್ಟಳು.

ಮೇಡಂ ಪತ್ರ ಓದಿ ಇಬ್ಬರನ್ನೂ ಲೋಹ ಅಳೆಯುವ ಯಂತ್ರದ ಮುಂದೆ ನಿಲ್ಲಿಸಿದರು. ಪ್ರೋಟೀನು ಬೇಡ, ಒಬ್ಬೊಬ್ಬರೂ ಒಂದೊಂದು ಟ್ಯೂಬಿಗೆ ಬರೀ ನೀರು ತುಂಬಿ ಎಂದರು. ಅವನ ಬಣ್ಣ ಈಗ ಬಯಲಾಗುತ್ತದೆ ಎಂದು ಅವಳಿಗೆ ಒಳಗೊಳಗೇ ಖುಷಿ. ಮುಲಾಮು ಹಚ್ಚಿ, ಗ್ಲೌಸ್ ತೊಟ್ಟು, ಜಾಗ್ರತೆಯಿಂದ ತುಂಬಿದಳು.

ಅವನ ನೀರಿನಲ್ಲಿ ಏನೂ ಇರಲಿಲ್ಲ. ಅವಳದ್ದರಲ್ಲಿ ಸತು.

ಸತುವಣ್ಣ ಯಂತ್ರವನ್ನು ನೋಡಲಿಲ್ಲ, ಅವಳ ಗ್ಲೌಸಿನ ಮೇಲಿನ ಬಿಳಿ ಕಲೆ ನೋಡಿದ. "ಕೈಗೆ ಏನಮ್ಮಾ ಅದು?"

ಅವಳು ಮುಲಾಮಿನ ಟ್ಯೂಬು ತೆಗೆದು ಹಿಂಭಾಗದ ಸಣ್ಣಕ್ಷರ ಓದಿದಳು. ಜಿಂಕ್ ಆಕ್ಸೈಡ್. ಶುದ್ಧ ಸತುವಿನ ಬೂದಿ.

"ಬೇಲಿನೇ ಎದ್ದು ಹೊಲ ಮೇಯ್ತು," ಎಂದರು ಮೇಡಂ. ಪತ್ರವನ್ನು ಹರಿಯಲಿಲ್ಲ. ಸತುವಣ್ಣನ ಕೈಗೇ ಕೊಟ್ಟರು.

ಅವನು ನಿಂತಲ್ಲೇ ಎರಡೂ ಪುಟ ಓದಿದ. ಕ್ಷಮಿಸಿ ಎಂದದ್ದು ಅವಳಿಗೇ ಕೇಳಿಸಲಿಲ್ಲ.

"ನನ್ನ ಹೆಸರಿನ ಕಾಗುಣಿತನಾದ್ರೂ ಸರಿಯಾಗಿ ಬರೆದಿದ್ದೀಯ," ಎಂದು ಮಡಚಿ ಜೇಬಿಗೆ ಹಾಕಿಕೊಂಡ. "ಶುಕ್ರವಾರಕ್ಕೆ ಇನ್ನೂ ಎರಡು ದಿನ ಇದೆ. ಆಯಾ ತೊಳೀಲಿ, ನಾನು ಸುರೀತೀನಿ. ನೀನು ಏನನ್ನೂ ಮುಟ್ಟಬೇಡ."

ಅವನು ಹೊಸ ಗ್ಲೌಸ್ ತೊಟ್ಟು ಬಂದ. ಅವಳು ಕೈ ಹಿಂದೆ ಕಟ್ಟಿ ನಿಂತು, ಎಷ್ಟೆಷ್ಟು ಎಂದು ಬಾಯಲ್ಲಿ ಹೇಳಿದಳು. ಮೊದಲು ಮ್ಯಾಂಗನೀಸು, ಆಮೇಲೆ ಪ್ರೋಟೀನು.

ಶುಕ್ರವಾರ ಯಂತ್ರ ಮ್ಯಾಂಗನೀಸು ತೋರಿಸಿತು. ಸತು ಇರಲಿಲ್ಲ. ಅಧ್ಯಾಯ ಉಳಿಯಿತು. ಅವಳು ಥ್ಯಾಂಕ್ಸ್ ಹೇಳಿದಳು, ಅವನು ತಲೆಯಾಡಿಸಿದ. ಅವನು ಊಟಕ್ಕೆ ಹೊರಟ ಮೇಲೆ ಅವಳು ಬಾಟಲಿಯ ಹತ್ತಿರ ಬಗ್ಗಿ ಪೆನ್ನಿನ ಗೆರೆ ನೋಡಿದಳು. ಸುರಿದಷ್ಟೇ ಕಡಿಮೆಯಾಗಿತ್ತು. ಆದರೂ ಇನ್ನೊಮ್ಮೆ ನೋಡಿದಳು.