ಹೂ ಬಿಟ್ಟ ಹೊಲ ಪಾಳಾದದ್ದು

ಸರ್ಕಾರದ ಬೆಳೆ ಸಹಾಯಧನ ಊರಲ್ಲಿ ಎಲ್ಲರ ಖಾತೆಗೂ ಬಂತು, ಪಂಪು ರಿಪೇರಿಯವನ ಮನೆಗೆ ಮಾತ್ರ ಬರಲಿಲ್ಲ. ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಅವನ ಹೆಂಡತಿ ಕಾದಳು. ಬಂದರೆ ಬಿತ್ತನೆಗೆ ಬೀಜ, ಗೊಬ್ಬರ. ಬರದಿದ್ದರೆ ಹೊಲವನ್ನು ಗೇಣಿಗೆ ಕೊಟ್ಟು ಕೂಲಿಗೆ ಹೋಗಬೇಕು. ಕೊನೆಗೆ ಪಕ್ಕದ ಮನೆಯ ಟೈಲರಕ್ಕನನ್ನು ಕರೆದುಕೊಂಡು ಕೃಷಿ ಕಚೇರಿಗೆ ಹೋದಳು.

ಕಿಟಕಿಯಾಚೆಯ ಗುಮಾಸ್ತ ಕಂಪ್ಯೂಟರ್ ನೋಡಿದ. "ಈ ಸಲ ನೀವೇನೂ ಬೆಳೆದಿಲ್ವಲ್ಲಮ್ಮ. ಪಾಳು ಅಂತಿದೆ."

"ಪಾಳಾ? ರಸ್ತೆ ಪಕ್ಕದಲ್ಲೇ ಸೂರ್ಯಕಾಂತಿ ನಿಂತಿತ್ತಲ್ಲ ಸ್ವಾಮಿ. ಬಸ್ಸಲ್ಲಿ ಓಡಾಡುವಾಗ ನೀವೂ ನೋಡಿರ್ತೀರಿ."

"ನಾನು ನೋಡಿದ್ದು ಲೆಕ್ಕಕ್ಕಿಲ್ಲ. ಬೆಳೆ ಸಮೀಕ್ಷೆಯವರು ಬರೆದದ್ದೇ ಲೆಕ್ಕ. ನಿಮ್ಮ ಯಜಮಾನ್ರ ರುಜೂನೂ ಇದೆ."

ಟೈಲರಕ್ಕ ಬಿಡಲಿಲ್ಲ. "ತಪ್ಪಾದ್ರೆ ತಿದ್ದೋಕೆ ದಾರಿ ಇರತ್ತಲ್ಲ?"

"ಇತ್ತು. ಬೆಳೆ ನಿಂತಿದ್ದಾಗ ತಕರಾರು ಕೊಟ್ಟಿದ್ರೆ ಬಂದು ನೋಡ್ತಿದ್ವಿ. ಈಗ ಬಂದು ಏನು ನೋಡೋದು?"

ಕೊಯ್ಲು ಮುಗಿದು ಈಗ ಹೊಲದಲ್ಲಿ ಉಳಿದದ್ದು ಬರೀ ಕೂಳೆ.

ಇಬ್ಬರೂ ನೇರ ಪಂಪು ರಿಪೇರಿ ಅಂಗಡಿಗೆ ಬಂದರು. ಗಂಡ ಗ್ರೀಸು ಮೆತ್ತಿದ ಕೈಯಲ್ಲಿ ಮೋಟಾರು ಬಿಚ್ಚುತ್ತಿದ್ದ.

"ಸಮೀಕ್ಷೆಯವನಿಗೆ ರುಜು ಹಾಕಿಕೊಟ್ರಾ?"

"ಹಾಕಿದ್ದೆ. ಇಲ್ಲಿಗೇ ಬಂದಿದ್ದ. ಬಿಸಿಲಲ್ಲಿ ಹೊಲಕ್ಕೆ ಯಾಕೆ ಅಲೀತೀಯಪ್ಪ, ಹೋದ ವರ್ಷದ್ದೇ ಬರ್ಕೋ ಅಂದೆ."

"ಹೋದ ವರ್ಷ ಹೊಲದಲ್ಲಿ ಏನಿತ್ತು?"

ಅವನ ಕೈ ನಿಂತಿತು. ಹೋದ ವರ್ಷ ಅವನ ತಾಯಿ ಹಾಸಿಗೆ ಹಿಡಿದಿದ್ದರು. ಹೊಲದ ಕಡೆ ಯಾರೂ ಹೋಗಿರಲಿಲ್ಲ.

"ಅತ್ತೆಯ ಮಂಚದ ಪಕ್ಕ ಬಿಟ್ಟು ನಾನು ಏಳದ ವರ್ಷ ಅದು. ಅದಕ್ಕೆ ಪಾಳು ಅಂದ್ರೆ ಒಪ್ತೀನಿ. ಈ ವರ್ಷ ಗರಿಕೆ ಬೇರು ಕಿತ್ತೂ ಕಿತ್ತೂ ನನ್ನ ಉಗುರು ಸವೆದು ಹೋಯ್ತಲ್ಲ, ಅದೂ ಪಾಳಾ?"

"ಇದೆಲ್ಲ ನಾಮಕಾವಾಸ್ತೆ ಅಂದ್ಕೊಂಡೆ ಕಣೆ. ಯಾರ ಹೊಲದಲ್ಲಿ ಏನಿದೆ ಅಂತ ಸರ್ಕಾರಕ್ಕೆ ಗೊತ್ತಾಗಲ್ವಾ?"

"ಹೇಗೆ ಗೊತ್ತಾಗತ್ತೆ ಭಾವ?" ಎಂದಳು ಟೈಲರಕ್ಕ. "ನನ್ನ ಹತ್ರ ಬರೋರೂ ಹೀಗೇ, ‘ಹೋದ ವರ್ಷದ ಅಳತೆಗೇ ಹೊಲಿ’ ಅಂತಾರೆ. ಆಮೇಲೆ ಹೊಟ್ಟೆ ಹತ್ರ ಬಿಗಿ ಅಂತ ನನ್ನನ್ನೇ ಬೈತಾರೆ. ಟೇಪು ಹಿಡೀದೆ ನಾನು ಕತ್ತರಿ ಹಿಡಿಯಲ್ಲ."

ಅವನು ನಗಲು ನೋಡಿದ. ಹೆಂಡತಿ ನಗಲಿಲ್ಲ.

ಅರ್ಧ ಹೊಲ ಗೇಣಿಗೆ ಹೋಯಿತು. ಗೇಣಿಗೆ ಹಿಡಿದವನು ಕಳೆ ತೆಗೆಯಲು ಆಳು ಹುಡುಕಿದಾಗ ಅವಳೇ ಹೋದಳು. ತಾನು ಹಸನು ಮಾಡಿದ ಮಣ್ಣಿನಲ್ಲಿ ತಾನೇ ಕೂಲಿಯಾದಳು.

ಮುಂದಿನ ಸಮೀಕ್ಷೆ ಬಂತು. "ಹೋದ ಸಲದ್ದೇ ತಾನೆ ಅಣ್ಣ?" ಎಂದು ಆ ಸಮೀಕ್ಷೆಯವನೇ ಅಂಗಡಿ ಮುಂದೆ ನಿಂತ.

ಗಂಡ ಷಟರ್ ಎಳೆದ. "ಅಲ್ಲ. ಹೊಲಕ್ಕೆ ನಡೀರಿ. ಬೆಳೆದೋಳು ಅಲ್ಲಿದ್ದಾಳೆ, ಅವಳನ್ನೇ ಕೇಳಿ."

ಅವಳು ಬದುವಿನ ಮೇಲೆ ನಿಂತು, ಬೆಳೆಯ ಹೆಸರು, ಜಾಗದ ಅಳತೆ, ಬರೆದದ್ದನ್ನೆಲ್ಲ ಓದಿಸಿದಳು. ಬೆಳೆಯ ಮುಂದೆ ಫೋಟೋ ತೆಗೆಸಿದಳು. ಆಮೇಲೇ ರುಜು ಎಂದಳು.

"ಆ ಕಡೆ ಅರ್ಧಾನೂ ನಿಮ್ಮದೇ ಅಲ್ವಾ ಅಕ್ಕ? ಸೇರಿಸ್ಲಾ?" ಎಂದ ಸಮೀಕ್ಷೆಯವನು.

"ಬೇಡ. ಮಣ್ಣು ನಮ್ಮದು. ಬೆಳೆ ನಮ್ಮದಲ್ಲ."



ಅಕ್ಕಂದಿರೇ, ಅಣ್ಣಂದಿರೇ, ಸಮೀಕ್ಷೆಯವರು ಬಂದರೆ ಕುರ್ಚಿ ಕೊಡಿ, ನೀರು ಕೊಡಿ. ರುಜು ಮಾತ್ರ ಹೊಲದಲ್ಲೇ ಕೊಡಿ, ಬರೆದದ್ದನ್ನು ಓದಿಸಿದ ಮೇಲೆಯೇ ಕೊಡಿ. ದುಡಿದವರು ಯಾರೋ ಅವರೂ ಅಲ್ಲಿರಲಿ. ತಪ್ಪು ಕಂಡರೆ ಬೆಳೆ ನಿಂತಿರುವಾಗಲೇ ತಕರಾರು ಕೊಡಿ. ಕೊಯ್ದ ಹೊಲ ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ.