ಆರು ನಲವತ್ತರ ನಂತರದ ಸದ್ದು

ಜುಲೈ ಮೂರು, ಹನ್ನೊಂದು, ಹತ್ತೊಂಬತ್ತು. ಈ ಮೂರು ದಿನ ಬೆಳಿಗ್ಗೆ 6.40ಕ್ಕೆ ಮೇಲೇರಿದ ಪಿನಾಕಿನಿ ಏರ್‌ವೇಸ್ ವಿಮಾನದ ಸದ್ದು ಮಿತಿ ಮೀರಿದೆ ಎಂದು ನಂದಿದುರ್ಗ ಲೈನಿನಲ್ಲಿದ್ದ ಮಾಪಕ ದಾಖಲಿಸಿತ್ತು. ಮಿತಿ 82 ಡೆಸಿಬಲ್. ದಾಖಲಾದದ್ದು 83.4, 83.9, 84.6. ಮೂರು ತಿಂಗಳೊಳಗೆ ಮೂರು ಸಲ ಮಿತಿ ಮೀರಿದರೆ ಆ ಹೊತ್ತನ್ನು ಕಂಪನಿಯಿಂದ ಕಿತ್ತು ಸರದಿಯಲ್ಲಿ ಮುಂದಿರುವವರಿಗೆ ಕೊಡಬೇಕು ಎನ್ನುವುದು ನಿಯಮ. ಸರದಿಯಲ್ಲಿ ಮುಂದಿದ್ದದ್ದು ಪಾಲಾರ್ ಏರ್.

ಬಂಗಾರಪೇಟೆಗೂ ಕೆಜಿಎಫ್‌ಗೂ ನಡುವಿನ ಬಂಜರಿನಲ್ಲಿ ಎರಡು ವರ್ಷದ ಹಿಂದೆ ಶುರುವಾದ ಸಣ್ಣ ವಿಮಾನ ನಿಲ್ದಾಣ ಅದು. ರನ್‌ವೇ ಮುಗಿದ ದಿಕ್ಕಿಗೆ ನಂದಿದುರ್ಗ ಲೈನು, ಗಣಿ ಕಾರ್ಮಿಕರ ಹಳೆಯ ಸಾಲುಮನೆಗಳು. ಗಣಿ ಮುಚ್ಚಿ ಇಪ್ಪತ್ತು ವರ್ಷ ದಾಟಿದ್ದರೂ ಜನ ಅಲ್ಲೇ ಇದ್ದರು. ಅವರು ಹೂಡಿದ ತಕರಾರಿನಿಂದ ದಿನಕ್ಕೆ ಹನ್ನೆರಡೇ ಟೇಕಾಫ್, 6.30ಕ್ಕೆ ಮೊದಲು ಒಂದೂ ಇಲ್ಲ ಎಂಬ ಷರತ್ತು ಬಂದಿತ್ತು. ಹನ್ನೆರಡರಲ್ಲಿ ಎಲ್ಲರಿಗೂ ಬೇಕಾದದ್ದು 6.40. ಆಗ ಹೊರಟರೆ ಎಂಟಕ್ಕೆ ಹೈದರಾಬಾದು, ಕೆಲಸ ಮುಗಿಸಿಕೊಂಡು ಸಂಜೆಯ ವಿಮಾನಕ್ಕೆ ವಾಪಸ್ಸು. ಪಾಲಾರ್‌ಗೆ ಸಿಕ್ಕಿದ್ದು 9.50, ಅದರಲ್ಲಿ ಅರ್ಧ ಸೀಟು ಖಾಲಿ ಹಾರುತ್ತಿತ್ತು. ಎಂಟು ತಿಂಗಳಿಂದ ಅವರು ಪಿನಾಕಿನಿ ಎಡವುವುದನ್ನೇ ಕಾಯುತ್ತಿದ್ದರು.

"ಎರಡೂ ನಮ್ ಜಿಲ್ಲೆ ನದಿಗಳ ಎಸರು. ನೀರಿಲ್ಲ, ಜಗಳ ಮಾತ್ರ ತುಂಬಿ ಅರೀತೈತೆ" ಎನ್ನುತ್ತಿದ್ದರು ವಿಮಾನಗಳಿಗೆ ಹೊರಡುವ ಹೊತ್ತು ಹಂಚುವ, ನಿಲ್ದಾಣದ ಸ್ಲಾಟ್ ವಿಭಾಗದ ಮುಖ್ಯಸ್ಥ ಕಾಂತರಾಜ್.

ಅದೇ ವಿಭಾಗದಲ್ಲಿ ಶಬ್ದದ ದಾಖಲೆ ನೋಡಿಕೊಳ್ಳುವವಳು ಇಂದ್ರಾಣಿ. ವಯಸ್ಸು ನಲವತ್ತೊಂದು, ಬಂಗಾರಪೇಟೆಯಲ್ಲಿ ಮನೆ. ಮಿತಿ ಮೀರಿದ ಪ್ರತಿ ಸಲವೂ ಮಾಪಕ ಕಳಿಸುವ ತೊಂಬತ್ತು ಸೆಕೆಂಡಿನ ಧ್ವನಿಮುದ್ರಣವನ್ನು ಕೇಳಿ, ನಮೂನೆಯಲ್ಲಿ 'ವಿಮಾನ' ಅಥವಾ 'ಇತರೆ' ಎಂಬ ಎರಡು ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕಿ ಸಹಿ ಮಾಡುವುದು ಅವಳ ಕೆಲಸ. ಸಹಿಯ ಮೇಲೆ ಒಂದು ಸಾಲು ಅಚ್ಚಾಗಿತ್ತು: 'ಧ್ವನಿಮುದ್ರಣವನ್ನು ಪೂರ್ತಿಯಾಗಿ ಕೇಳಿದ್ದೇನೆ.'

ಮೂರರದ್ದಕ್ಕೂ ಹನ್ನೊಂದರದ್ದಕ್ಕೂ ಅವಳು 'ವಿಮಾನ' ಎಂದು ಸಹಿ ಮಾಡಿ ಆಗಿತ್ತು. ಹತ್ತೊಂಬತ್ತರದ್ದು ಮೇಜಿನ ಮೇಲಿತ್ತು. ಇಪ್ಪತ್ತೆಂಟರ ಸೋಮವಾರ, 6.40 ಯಾರಿಗೆಂದು ತೀರ್ಮಾನಿಸುವ ಸಮಿತಿಯ ಸಭೆ.

"ಏನಕ್ಕಾ, ಒಂದು ಟಿಕ್ ಆಕಕ್ಕೆ ಪಂಚಾಂಗ ನೋಡ್ಬೇಕಾ?" ಎಂದು ಊಟದ ಹೊತ್ತಿನಲ್ಲಿ ಕೇಳಿದವನು ಅವಳ ತಮ್ಮ ನರೇಶ್. ಅವನು ಪಿನಾಕಿನಿಯ ವಿಮಾನಕ್ಕೆ ಸಾಮಾನು ತುಂಬುವ ಗುತ್ತಿಗೆ ಕೆಲಸಗಾರ. ಅದಕ್ಕೆ ಮೊದಲು ಒಂಬತ್ತು ವರ್ಷ ನಸುಕಿನ ರೈಲು ಹಿಡಿದು ವೈಟ್‌ಫೀಲ್ಡಿನ ಗೋದಾಮಿಗೆ ಹೋಗಿಬಂದವನು. 6.40 ಕೈತಪ್ಪಿದರೆ ಇಲ್ಲಿ ತಂಗುವ ವಿಮಾನ ಬೇರೆ ಊರಿಗೆ ಹೋಗುತ್ತದೆ, ಅದರ ಜೊತೆಗೆ ಇಪ್ಪತ್ತೆರಡು ಜನರ ಕೆಲಸವೂ ಹೋಗುತ್ತದೆ. ಅದು ನಿಲ್ದಾಣದಲ್ಲಿ ಎಲ್ಲರಿಗೂ ಗೊತ್ತಿತ್ತು.

"ನಿನ್ ಕೆಲ್ಸ ನೀನು ನೋಡ್ಕೊಳ್ಳೋ."

"ಅದನ್ನೇ ನೋಡ್ತಿದೀನಿ ಕಣಕ್ಕಾ. ಸೋಮವಾರ ಆದ್ಮೇಲೆ ನೋಡಕ್ಕೆ ಇರ್ತೈತೋ ಇಲ್ವೋ ಅಂತ." ಅವನು ನಗುತ್ತಲೇ ಹೇಳಿದ. ತಟ್ಟೆಯಲ್ಲಿ ಮುದ್ದೆ ಅರ್ಧ ಉಳಿದಿತ್ತು.

ಇಂದ್ರಾಣಿ ಮೇಜಿಗೆ ಮರಳಿ ಇಯರ್‌ಫೋನ್ ಹಾಕಿಕೊಂಡು ಹತ್ತೊಂಬತ್ತರ ಮುದ್ರಣವನ್ನು ತೊಂಬತ್ತು ಸೆಕೆಂಡೂ ಕೇಳಿದಳು. ವಿಮಾನದ ಸದ್ದು ಏರಿತು, ತಲೆಯ ಮೇಲೆ ಹಾಯಿತು, ಇಳಿಯಿತು. ಅದರ ಗರಿಷ್ಠ 77.8. ಸದ್ದು ಸವೆದು ನಾಯಿಯೊಂದು ಬೊಗಳಿದ ಮೇಲೆ, ಐವತ್ತೆರಡನೇ ಸೆಕೆಂಡಿನಲ್ಲಿ, ಕಬ್ಬಿಣ ಗೋಡೆಗೆ ಬಡಿಯಿತು. ಠಣ್. ಠಣ್. ಮೂರನೆಯದು ಬೇರೆ ಥರ, ದಬ್. 84.6 ಅದರದ್ದು. ವಿಮಾನ ಹಾದ ನಿಮಿಷದೊಳಗಿನ ಅತಿ ಜೋರು ಸದ್ದನ್ನು ಕಂಪ್ಯೂಟರು ಆ ವಿಮಾನದ ಲೆಕ್ಕಕ್ಕೇ ಸೇರಿಸಿತ್ತು.

ಅವಳು ಹಳೆಯ ಎರಡನ್ನೂ ತೆಗೆದು ಕೇಳಿದಳು. ಎರಡರಲ್ಲೂ ಅದೇ ಮೂರು ಏಟು. ಆ ಎರಡು ದಿನ ಅವಳು ವಿಮಾನದ ಸದ್ದು ಇಳಿದ ಕೂಡಲೇ ಮುದ್ರಣ ನಿಲ್ಲಿಸಿ ಸಹಿ ಮಾಡಿದ್ದಳು. ಎರಡು ವರ್ಷದಿಂದ ಹಾಗೇ ಮಾಡುತ್ತಿದ್ದಳು. ಹತ್ತೊಂಬತ್ತರದ್ದನ್ನು ಪೂರ್ತಿ ಕೇಳಿದ್ದು ತಮ್ಮನ ಕೆಲಸ ಇದರಲ್ಲಿದೆ ಎಂಬ ಒಂದೇ ಕಾರಣಕ್ಕೆ. ಆ ಯೋಚನೆ ಅವಳಿಗೆ ಹಿಡಿಸಲಿಲ್ಲ.

ಆ ಏಟು ಯಾವುದೆಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಗಣಿಯಲ್ಲಿ ಸಿಡಿಮದ್ದು ಹಾರಿಸಿ ಹೊಗೆ ಇಳಿದ ಮೇಲೆ ಮೊದಲು ಒಳಗೆ ಹೋಗುವವನು ಸಣ್ಣ ಹಾರೆಯಿಂದ ಮೇಲಿನ ಬಂಡೆಯನ್ನು ತಟ್ಟಿ ನೋಡುತ್ತಿದ್ದ. ಗಟ್ಟಿ ಇದ್ದರೆ ಗಂಟೆಯ ಹಾಗೆ ನುಡಿಯುತ್ತದೆ, ಬಿಟ್ಟುಕೊಂಡಿದ್ದರೆ ಒಡಕು ಮಡಕೆಯ ಹಾಗೆ. ಅದೇ ಕೆಲಸ ಮಾಡುತ್ತಿದ್ದ, ಹನ್ನೊಂದು ವರ್ಷದ ಹಿಂದೆ ತೀರಿಕೊಂಡ ಅವಳ ಅಪ್ಪ ಶ್ರೀನಿವಾಸಪ್ಪ, ಗಣಿ ಮುಚ್ಚಿದ ಮೇಲೂ, ಜೋರು ಗುಡುಗಿದರೆ ಎದ್ದು ಮನೆಯ ಗೋಡೆ ತಟ್ಟಿ ಬಂದು ಮಲಗುತ್ತಿದ್ದ. ಮಾಪಕದ ಕಂಬ ನಿಂತಿದ್ದದ್ದು ಅಪ್ಪನ ಗ್ಯಾಂಗಿನಲ್ಲೇ ಇದ್ದ ಸುಬ್ರಮಣಿಯ ಮನೆಯ ಹಿಂದಿನ ಗೋಡೆಗೆ ಬಿಗಿದು.

ಮೂರರಿಂದ ಹನ್ನೊಂದಕ್ಕೆ ಎಂಟು ದಿನ. ಹನ್ನೊಂದರಿಂದ ಹತ್ತೊಂಬತ್ತಕ್ಕೆ ಎಂಟು ದಿನ. ವಿಮಾನಗಳ ವೇಳಾಪಟ್ಟಿ ಏಳು ದಿನಕ್ಕೆ ಮರಳುತ್ತದೆ, ಎಂಟಕ್ಕೆ ಮರಳುವಂಥದ್ದು ಅದರಲ್ಲಿ ಏನೂ ಇಲ್ಲ. ಮುಂದಿನದು ಇಪ್ಪತ್ತೇಳು, ಭಾನುವಾರ.

ಭಾನುವಾರ 6.20ಕ್ಕೆ ಅವಳ ಸ್ಕೂಟರು ನಂದಿದುರ್ಗದ ಲೈನಿಗೆ ಬಂತು. ಬಾಗಿಲಲ್ಲಿ ನೀರು ಹಾಕುತ್ತಿದ್ದ ಸುಬ್ರಮಣಿಯ ಹೆಂಡತಿ ಕನಕಮ್ಮ ಬಿಂದಿಗೆ ಇಳಿಸಿದಳು.

"ವಾಮ್ಮಾ. ಏನು ಇಷ್ಟೊತ್ತಿಗೇ? ನಿಮ್ ಮೈಕಿಗೆ ಜ್ವರ ಬಂತಾ?"

"ನೋಡಕ್ಕೆ ಬಂದೆ ಅತ್ತೆ. ಮಾಮ ಎದ್ದಿದಾರಾ?"

"ಅವ್ರು ಯಾವಾಗ ಮಲಗಿದ್ರು? ಅರಚಿ ಮಾತಾಡು. ಎಡಗಿವಿ ಸ್ವಲ್ಪ ಇತ್ತು, ದೀಪಾವಳಿಗೆ ಅದೂ ಮುಕ್ಕಾಲು ಓಯ್ತು."

ಮನೆ ಎರಡೇ ಕೋಣೆ. ಮೇಲೆ ಜಿಂಕ್ ಶೀಟು, ಗೋಡೆ ಕಲ್ಲು ಮಣ್ಣಿನದು. ಹಿಂದಿನ ಕೋಣೆಯ ಗೋಡೆಗೆ ತಾಗಿ ಕನಕಮ್ಮನ ಕಬ್ಬಿಣದ ಮಂಚ. ಎಪ್ಪತ್ತನಾಲ್ಕರ ಸುಬ್ರಮಣಿ ಅದರ ಅಂಚಿನಲ್ಲಿ ಮೊಳದುದ್ದದ ಹಾರೆ ಹಿಡಿದು ಕೂತಿದ್ದ. ಕೈಗಡಿಯಾರ ನೋಡುತ್ತಿದ್ದ.

6.41ಕ್ಕೆ ಶೀಟು ಮೊದಲು ನಡುಗಿತು, ಆಮೇಲೆ ಸದ್ದು. ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿದವು. ಇಂದ್ರಾಣಿಯ ಕೈಯಲ್ಲಿದ್ದ ಸಣ್ಣ ಮಾಪಕದಲ್ಲಿ 77.2. ಅವಳು ಅದನ್ನು ಬರೆದುಕೊಂಡಳು.

ಸುಬ್ರಮಣಿ ಎದ್ದ. ಮಂಚವನ್ನು ಒಂದಡಿ ಎಳೆದು, ಎಡಗೈ ಗೋಡೆಗೆ ಒತ್ತಿ, ಬಲಗೈಯಿಂದ ಹೊಡೆದ. ಅವಳು ನಿರೀಕ್ಷಿಸಿದ್ದಕ್ಕಿಂತ ಬಹಳ ಜೋರಾಗಿ.

"ಮೆಲ್ಲಗೆ ತಟ್ಟಿದ್ರೆ ಸಾಕಲ್ಲ ಮಾಮ!" ಅವಳು ಕಿವಿಯ ಹತ್ತಿರ ಕೂಗಿದಳು.

"ಕಿವಿ ಓದ ಮೇಲೆ ಅಂಗೈಲೇ ನೋಡ್ತಿದ್ದೆ ಕಣಮ್ಮ. ಈಗ ಅಂಗೈಯೂ ಮರ. ಇಪ್ಪತ್ತೆಂಟು ವರ್ಷ ಡ್ರಿಲ್ ಇಡಿದ ಕೈ. ಜೋರಾಗಿ ಒಡೆದ್ರೆ ಏನೋ ಒಂಚೂರು ಗೊತ್ತಾಗ್ತೈತೆ."

"ದಿನಾ ಇದೇ ಗೋಡೆನಾ?"

"ದಿನಕ್ಕೊಂದು. ಎರಡು ರೂಮು, ಎಂಟು ಗೋಡೆ. ಇವತ್ತು ಇದರ ಪಾಳಿ." ಅವನು ಹಾರೆಯನ್ನು ಮಂಚದ ಹಿಂದಿನ ಗೋಡೆಯ ಕೆಳಭಾಗಕ್ಕೆ ಇಳಿಸಿ ಮತ್ತೊಮ್ಮೆ ಹೊಡೆದ. ದಬ್.

ಇಂದ್ರಾಣಿ ಅದನ್ನು ಕಾಲಿನಲ್ಲೂ ಕೇಳಿದಳು.

"ಇವ್ಳನ್ನ ಕೇಳಿದ್ರೆ ಎಲ್ಲಾ ಒಂದೇ ಅಂತಾಳೆ. ನೀನು ಶ್ರೀನಿವಾಸಪ್ಪನ ಮಗಳು. ಕೇಳೋ ಕೆಲ್ಸನೇ ನಿಂದು. ಏನಂತು?"

ಅವಳ ತಲೆಯಲ್ಲಿ ಆಗ ಸೋಮವಾರದ ಕಾಗದವಿತ್ತು. ವಿಮಾನ 77.2, ಏಟು ಮಿತಿ ಮೀರಿತು, ಸಾಕ್ಷಿ ಸಿಕ್ಕಿತು, ನರೇಶ್ ಉಳಿದ. ಗೋಡೆ ಪೊಳ್ಳು ಅಂದರೆ ಮುದುಕ ಯಾಕೆ ಎಂದು ಕೇಳುತ್ತಾನೆ. ಯಾಕೆ ಎನ್ನುವುದಕ್ಕೆ ಇನ್ನೊಂದು ಕಾಗದ ಬೇಕಾಗುತ್ತದೆ, ಅದು ವಿಮಾನದ ಕಡೆಗೇ ಬೆರಳು ತೋರಿಸಬಹುದು.

"ಗಟ್ಟಿಗೈತೆ ಮಾಮ" ಎಂದು ಕೂಗಿದಳು.

ಸುಬ್ರಮಣಿ ತಲೆಯಾಡಿಸಿದ. ಕನಕಮ್ಮ ಮಂಚವನ್ನು ಮತ್ತೆ ಗೋಡೆಗೆ ತಳ್ಳಿದಳು.

ಸೋಮವಾರ ಒಂಬತ್ತೂವರೆಗೆ ಇಂದ್ರಾಣಿ ಮೂರು ನಮೂನೆಗಳನ್ನು ಕಾಂತರಾಜ್ ಮುಂದಿಟ್ಟಳು. ಹತ್ತೊಂಬತ್ತರದ್ದರಲ್ಲಿ 'ಇತರೆ', ಕಾರಣ ಸುಬ್ರಮಣಿ ಗೋಡೆಗೆ ಹೊಡೆದ ಹಾರೆ. ಹಳೆಯ ಎರಡರಲ್ಲಿ 'ವಿಮಾನ'ದ ಗುರುತು ಹೊಡೆದುಹಾಕಿ, ಪಕ್ಕದಲ್ಲಿ ಬರೆದಿದ್ದಳು: 'ಆಗ ಪೂರ್ತಿ ಕೇಳಿರಲಿಲ್ಲ. ಈಗ ಕೇಳಿದ್ದೇನೆ.' ಕೆಳಗೆ ಸಹಿ, ತಾರೀಖು.

ಕಾಂತರಾಜ್ ಕನ್ನಡಕ ತೆಗೆದು ಒರೆಸಿದರು.

"ಹತ್ತೊಂಬತ್ತರದ್ದು ಒಂದು ತಿದ್ದಿದ್ರೆ ಸಾಕಿತ್ತಲ್ಲಮ್ಮ. ಮೂರು ಎರಡಾಗ್ತಿತ್ತು. ಸ್ಲಾಟ್ ಉಳೀತಿತ್ತು, ನೀನೂ ಉಳೀತಿದ್ದೆ."

"ಮೂರೂ ಒಂದೇ ಸದ್ದು ಸರ್. ಒಂದನ್ನ ಇತರೆ ಅಂತ ಬರೆದು ಇನ್ನೆರಡನ್ನ ವಿಮಾನ ಅಂತ ಇಟ್ರೆ, ನಾಳೆ ಪಾಲಾರ್‌ನೋರು ಅವೆರಡನ್ನೂ ತೆಗೆದು ಕೇಳ್ತಾರೆ."

"ಅವ್ರು ಕೇಳೋದು ಆಮೇಲೆ. ನಿನ್ ತಮ್ಮ ಎಲ್ಲಿ ಕೆಲ್ಸ ಮಾಡ್ತಾನೆ ಅಂತ ಮೊದಲನೇ ಸಾಲಲ್ಲೇ ಬರೀತಾರೆ."

"ಬರೀಲಿ. ನಿಜಾನೇ."

"ಎರಡು ಸುಳ್ಳು ಸಹಿ ಅಂತ ನೀನೇ ಬರ್ಕೊಟ್ಟ ಮೇಲೆ ನಾನು ಏನೂ ಮಾಡಕ್ಕಾಗಲ್ಲ." ಅವರು ನಮೂನೆಗಳನ್ನು ಅಂಚು ಸರಿಮಾಡಿ ಜೋಡಿಸಿದರು. "ಆ ಯಜಮಾನ ಯಾಕಮ್ಮ ಗೋಡೆ ಒಡೀತಾನೆ?"

"ಸಡಿಲ ಆಗಿದೆಯಾ ಅಂತ ನೋಡಕ್ಕೆ."

"ಆಗಿದೆಯಾ?"

ಇಂದ್ರಾಣಿ ಮೇಜಿನ ಮೇಲಿದ್ದ ಕಾಗದ ನೋಡಿದಳು. ನಮೂನೆಯಲ್ಲಿ ಅದಕ್ಕೆ ಚೌಕವಿರಲಿಲ್ಲ. ಕಾಂತರಾಜ್ ಕಾಗದಗಳನ್ನು ಎತ್ತಿಕೊಂಡು ಸಭೆಗೆ ಎದ್ದರು.

ಸಭೆ ಒಂದೂ ಕಾಲು ಗಂಟೆ ನಡೆಯಿತು. ಮೂರೂ ದಾಖಲೆ ರದ್ದು. 6.40 ಪಿನಾಕಿನಿಗೇ ಉಳಿಯಿತು. ಮಾಪಕದ ಕಂಬವನ್ನು ಗೋಡೆಯಿಂದ ಬಿಡಿಸಿ ನೆಲದ ಮೇಲೆ ನಿಲ್ಲಿಸಬೇಕೆಂದು ತೀರ್ಮಾನವಾಯಿತು. ಪಾಲಾರ್ ಏರ್‌ನ ಪ್ರತಿನಿಧಿ ಲಿಖಿತ ಆಕ್ಷೇಪ ಕೊಟ್ಟರು, ಅದರ ಮೊದಲನೇ ಸಾಲಿನಲ್ಲಿ ನರೇಶನ ಹೆಸರಿತ್ತು. ಇಂದ್ರಾಣಿಯನ್ನು ವಿಚಾರಣೆ ಮುಗಿಯುವವರೆಗೆ ಅಮಾನತಿನಲ್ಲಿ ಇಟ್ಟರು. ಎರಡು ಗಂಟೆಗೆ ಅವಳ ಗುರುತಿನ ಚೀಟಿ ವಾಪಸ್ ತೆಗೆದುಕೊಂಡರು.

ಗೇಟಿನಲ್ಲಿ ನರೇಶ್ ಕಾಯುತ್ತಿದ್ದ. ಈ ಸಲ ಅವನು ನಗಲಿಲ್ಲ.

"ನನ್ನಿಂದ ಅಲ್ವಾ ಅಕ್ಕಾ?"

"ನನ್ನಿಂದ. ಕೇಳದೇ ಸೈನ್ ಆಕ್ದೋಳು ನಾನು."

"ಇಪ್ಪತ್ತೆರಡು ಜನ ನಿನ್ ಎಸರೇಳಿ ಊಟ ಮಾಡ್ತಾರೆ ಕಣಕ್ಕಾ."

"ಊಟ ಮಾಡ್ರಿ. ಎಸರು ಏಳ್ಬೇಡ್ರಿ" ಎಂದು ಅವಳು ಸ್ಕೂಟರು ಹತ್ತಿದಳು. ಬಂಗಾರಪೇಟೆಯ ಕಡೆ ತಿರುಗಬೇಕಾದ ಕಡೆ ತಿರುಗಲಿಲ್ಲ. ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆ ಹತ್ತಿರ ನಿಲ್ಲಿಸಿ, ಪುಸ್ತಕದ ಅಂಗಡಿಯಲ್ಲಿ ಒಂದು ಡಬ್ಬಿ ಸೀಮೆಸುಣ್ಣ ತೆಗೆದುಕೊಂಡಳು.

ಕನಕಮ್ಮ ಆ ಮಂಚದ ಮೇಲೇ ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ಇಂದ್ರಾಣಿ ಅವಳನ್ನು ಎಬ್ಬಿಸಿದಳು. ಆಮೇಲೆ ಸುಬ್ರಮಣಿಯ ಎಡಗಿವಿಗೆ ಬಾಯಿಟ್ಟು ಕೂಗಿದಳು. "ಮಾಮ, ನಿನ್ನೆ ನಾನು ಸುಳ್ಳೇಳಿದೆ. ಪೊಳ್ಳು."

ಅವನಿಗೆ ಕೇಳಿಸಿತೋ, ಅವಳ ಮುಖ ನೋಡಿ ತಿಳಿಯಿತೋ. ಕೇಳಿದ್ದು ಒಂದೇ. "ಎಲ್ಲಿಂದ ಎಲ್ಲಿಗೆ?"

ಅವಳು ಹಾರೆ ತೆಗೆದುಕೊಂಡು ಮೆಲ್ಲಗೆ ತಟ್ಟುತ್ತಾ ಹೋದಳು. ಕೇಳಬಲ್ಲವರಿಗೆ ಅಷ್ಟು ಸಾಕಾಗಿತ್ತು. ಸದ್ದು ಬದಲಾದ ಕಡೆಯಲ್ಲೆಲ್ಲ ಸೀಮೆಸುಣ್ಣದ ಚುಕ್ಕೆ ಇಟ್ಟಳು, ಆಮೇಲೆ ಚುಕ್ಕೆಗಳನ್ನು ಕೂಡಿಸಿದಳು. ಗೆರೆ ಮಂಚದ ತಲೆಭಾಗದಿಂದ ಶುರುವಾಗಿ, ಸೊಂಟದೆತ್ತರಕ್ಕೆ ಏರಿ, ಆಚೆ ಕಂಬ ಬಿಗಿದ ಕಡೆ ದಾಟಿ ಮೂಲೆಗೆ ಇಳಿಯಿತು. ಟೇಪು ಹಿಡಿದಳು. ಐದೂವರೆ ಅಡಿ ಅಗಲ, ಮೂರಡಿ ಎತ್ತರ.

"ನಿಮ್ಮಪ್ಪ ಇದ್ದಿದ್ರೆ ಈ ಜಾಗದಾಗೆ ಕೆಲ್ಸ ನಿಲ್ಲಿಸಿ ಎಲ್ರನ್ನೂ ಮೇಲಕ್ಕೆ ಕಳಿಸ್ತಿದ್ದ" ಎಂದ ಸುಬ್ರಮಣಿ, ಗೆರೆಯನ್ನು ನೋಡುತ್ತಾ.

"ಎಲ್ಲಿಗೆ ಓಗೋದು ಮೇಲಕ್ಕೆ? ಮೇಲೆ ವಿಮಾನ ಐತೆ" ಎಂದಳು ಕನಕಮ್ಮ. ಇಂದ್ರಾಣಿಯ ಕಡೆ ತಿರುಗಿದಳು. "ಪ್ಲೇನ್ ನಿಲ್ಲಿಸ್ತಾರೇನಮ್ಮ?"

"ಇಲ್ಲ ಅತ್ತೆ. ನಾಳೆನೂ ಬತ್ತೈತೆ. ಮಿತಿಯೊಳಗೇ ಐತೆ ಅದು. ಅದನ್ನ ಬರ್ಕೊಟ್ಟು ಬಂದೋಳೂ ನಾನೇ."

ಕನಕಮ್ಮ ಬಯ್ಯುತ್ತಾಳೆಂದು ಇಂದ್ರಾಣಿ ಕಾದಳು. ಕನಕಮ್ಮ ಬಗ್ಗಿ ಹಾಸಿಗೆ ಸುತ್ತತೊಡಗಿದಳು.

ಇಂದ್ರಾಣಿ ಗೆರೆಯ ಫೋಟೋ ತೆಗೆದು, ಚೀಲದಿಂದ ಬಿಳಿ ಹಾಳೆ ತೆಗೆದಳು. ನಮೂನೆಯ ಹಾಳೆ ಈಗ ಅವಳ ಬಳಿ ಇರಲಿಲ್ಲ, ಮೊಹರೂ ಇರಲಿಲ್ಲ. ಮನೆಯ ನಂಬರು, ಗೋಡೆಯ ಅಳತೆ, 77.2, 6.41 ಎಂದು ಬರೆದಳು. ವಿಮಾನದಿಂದ ಸಡಿಲವಾಯಿತು ಎಂದು ಬರೆಯಲಿಲ್ಲ, ಅದು ಅವಳಿಗೆ ಗೊತ್ತಿರಲಿಲ್ಲ. 'ತಟ್ಟಿ ಪೂರ್ತಿ ಕೇಳಿದ್ದೇನೆ, ಪೊಳ್ಳಾಗಿದೆ, ಎಂಜಿನಿಯರ್ ಬಂದು ನೋಡಬೇಕು' ಎಂದು ಬರೆದು ಸಹಿ ಮಾಡಿದಳು. ಸುಬ್ರಮಣಿ ಅವಳ ಹೆಸರಿನ ಕೆಳಗೆ ತಮಿಳಿನಲ್ಲಿ ತನ್ನದನ್ನು ಬರೆದ. ಅದಕ್ಕೆ ಬಹಳ ಹೊತ್ತು ಹಿಡಿಯಿತು.

ಆಮೇಲೆ ಮೂವರೂ ಮಂಚ ಎತ್ತಿದರು. ಬಾಗಿಲಲ್ಲಿ ಅದು ಸಿಕ್ಕಿಕೊಂಡಿತು. ಅಡ್ಡ ಮಾಡಿ, ಒಂದು ಕಾಲು ಮೊದಲು ದಾಟಿಸಿ, ಮುಂದಿನ ಕೋಣೆಗೆ ತಂದರು. ಅಲ್ಲಿಯ ನಾಲ್ಕು ಗೋಡೆಗಳಲ್ಲಿ ಯಾವುದಕ್ಕೆ ತಾಗಿಸಿ ಹಾಕಬೇಕೆಂದು ಕನಕಮ್ಮ ಕೇಳಿದಳು.

ಸುಬ್ರಮಣಿ ಹಾರೆಯನ್ನು ಇಂದ್ರಾಣಿಯ ಕೈಗೆ ಕೊಟ್ಟ.