ಒಂದು ಚೂರು ಹೊತ್ತು

ಅಮ್ಮನ ರಕ್ತಪರೀಕ್ಷೆಯ ವರದಿಯಲ್ಲಿ ಸಂಧಿವಾತದ ಸಾಲಿನ ಮುಂದೆ ‘ನೆಗೆಟಿವ್’ ಎಂದಿತ್ತು. ಇನ್ನು ಡಾಕ್ಟರ ಹತ್ತಿರ ಹೋಗುವುದೇ ದಂಡ, ಸುಮ್ಮನೆ ನನ್ನ ರಕ್ತ ಹೀರಿಸಿದೆ ಎಂದು ಅವಳು ನನ್ನನ್ನು ಆಡಿಕೊಂಡಳು. ಆದರೂ ಕರೆದುಕೊಂಡು ಬಂದೆ. ಬಸ್ಸಿನಲ್ಲಿ ಕಂಬಿಗೆ ಬೆರಳು ಮಡಚಲಾಗದೆ ಮೊಣಕೈ ಸಿಕ್ಕಿಸಿಕೊಂಡು ನಿಂತಿದ್ದಳು. ಆ ಬೆರಳುಗಳೇ ನಮ್ಮ ಮನೆಯ ಟೈಲರಿಂಗ್ ಅಂಗಡಿ.

ಡಾಕ್ಟರಮ್ಮ ಒಂದೊಂದೇ ಗೆಣ್ಣು ಒತ್ತಿ ನೋಡಿದರು. ಅಮ್ಮ ಕಿಟಕಿಯ ಕಡೆ ಮುಖ ಮಾಡಿದಳು.

“ಬೆಳಿಗ್ಗೆ ಎದ್ದಾಗ ಬೆರಳು ಬಿಗಿಯಾಗಿರುತ್ತಲ್ಲ, ಸಡಿಲ ಆಗೋಕೆ ಎಷ್ಟು ಹೊತ್ತು ಬೇಕು?”

“ಒಂದು ಚೂರು ಹೊತ್ತು, ಅಷ್ಟೇ.”

ಡಾಕ್ಟರಮ್ಮ ಅದನ್ನೇ ಬರೆದುಕೊಳ್ಳುತ್ತಿದ್ದರು. ಅಮ್ಮನ ‘ಒಂದು ಚೂರು ಹೊತ್ತು’ ಏನೆಂದು ಅವರಿಗೇನು ಗೊತ್ತು? ಆ ಮಾತು ನಂಬಿ ಬ್ಲೌಸಿಗೆ ಕಾದವರು ಸಂಜೆಯವರೆಗೆ ಕೂತದ್ದುಂಟು. ಈಗ ನಾನು ಬಾಯಿ ಬಿಡದಿದ್ದರೆ ನೋವಿನ ಮಾತ್ರೆ ಕೊಟ್ಟು ಕಳಿಸಿಬಿಡುತ್ತಾರೆ. ಚೀಲದಿಂದ ನನ್ನ ಡೈರಿ ತೆಗೆದು ಮೇಜಿನ ಮೇಲಿಟ್ಟೆ.

ಅಮ್ಮನ ಹೊಲಿಗೆ ಮೆಷಿನ್ ನನ್ನ ಹಾಸಿಗೆಯ ಪಕ್ಕದ ಗೋಡೆಯಾಚೆಗಿದೆ. ಅದರ ಸದ್ದಿಗೇ ನನಗೆ ದಿನವೂ ಎಚ್ಚರ; ಎಚ್ಚರವಾದ ಕೂಡಲೇ ಸಮಯ ಬರೆದಿಡುವುದು ನನ್ನ ರೂಢಿ. ಮೂರು ತಿಂಗಳ ಹಿಂದೆ: ‘ಆರೂವರೆ. ಶುರುವಾಯಿತು ಟಕಟಕ.’ ಆಮೇಲೆ ‘ಏಳೂಕಾಲು’. ಹೋದ ವಾರ: ‘ಎಂಟೂವರೆ. ಅಬ್ಬಾ, ಕಣ್ತುಂಬ ನಿದ್ದೆ.’

“ಅಮ್ಮ ಏಳೋದು ಮಾತ್ರ ಈಗಲೂ ಆರಕ್ಕೇನೇ,” ಎಂದೆ.

ಡಾಕ್ಟರಮ್ಮ ಡೈರಿ ನೋಡಿ, ತಾವು ಬರೆದದ್ದನ್ನು ಹೊಡೆದು ಹಾಕಿದರು. “ಆರರಿಂದ ಎಂಟೂವರೆ, ಅಂದ್ರೆ ಎರಡೂವರೆ ಗಂಟೆ. ಈ ಪರೀಕ್ಷೆ ನೆಗೆಟಿವ್ ಬಂದ್ರೂ ಕಾಯಿಲೆ ಇರಬಹುದಮ್ಮ. ರಕ್ತದಲ್ಲಿ ಇನ್ನೊಂದು ಪ್ರತಿಕಾಯ ಅಂತ ಇದೆ, ಅದನ್ನೂ ನೋಡೋಣ. ಅದೂ ಕಾಣಿಸದೇ ಇದ್ರೂ ನಾನು ನಿಮ್ಮನ್ನ ಬಿಡಲ್ಲ. ತಡ ಮಾಡಿದ್ರೆ ಗೆಣ್ಣು ಸವೆದುಹೋಗುತ್ತೆ, ಆಮೇಲೆ ವಾಪಸ್ ಬರಲ್ಲ.”

ಅಮ್ಮ ಡೈರಿಯನ್ನು ತನ್ನ ಕಡೆ ತಿರುಗಿಸಿಕೊಂಡು ಓದಿದಳು. ಹೊರಗೆ ಬಂದ ಮೇಲೆ ಒಂದೇ ಮಾತು: “ಕಣ್ತುಂಬ ನಿದ್ದೆ ಮಾಡಿದೆಯಲ್ಲ, ಸದ್ಯ.”

ಇವತ್ತು ಆರಕ್ಕೇ ಎದ್ದು ಕೂತಿದ್ದೇನೆ. ಎರಡನೆಯ ವರದಿ ನಾಳೆ. ಗೋಡೆಯಾಚೆ ಸದ್ದಿಲ್ಲ. ಅಮ್ಮ ಇಷ್ಟು ದಿನ ಇಷ್ಟು ಹೊತ್ತು ಅಲ್ಲಿ ಏನು ಮಾಡುತ್ತಿದ್ದಳೋ, ನಾನು ಒಮ್ಮೆಯೂ ಎದ್ದು ನೋಡಿರಲಿಲ್ಲ.

“ಎದ್ದಿದ್ರೆ ಬಾರೇ,” ಎಂದಳು ಒಳಗಿಂದ. “ಸೂಜಿಗೆ ದಾರ ಹಾಕಿಕೊಡು. ಆಗ್ತಾ ಇಲ್ಲ.”